22 ಪುಟದ ಪ್ರಬಂಧ, 15 ನಿಮಿಷದ ಮಂಡನೆ

ಪ್ರಶ್ನೆ: ನಾನು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಹಳೆಯ ಮೈಸೂರು ಸೀಮೆಯ ಐದು ಕೆರೆಗಳ ನೀರು ಹಂಚಿಕೆಯನ್ನು ಕುರಿತು 22 ಪುಟಗಳ ಪ್ರಬಂಧ ಬರೆದಿದ್ದೇನೆ. ಮುಂದಿನ ತಿಂಗಳ ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಲು 15 ನಿಮಿಷ ಕೊಟ್ಟಿದ್ದಾರೆ. ಎಷ್ಟು ವೇಗವಾಗಿ ಓದಿದರೂ ಅರ್ಧ ಮುಗಿಯುವುದಿಲ್ಲ. ಯಾವ ಭಾಗವನ್ನು ಬಿಡಲಿ? ನೋಡಿಕೊಂಡು ಓದಬೇಕೋ, ಬಾಯಿಪಾಠ ಮಾಡಬೇಕೋ?
ಓದುಗರು, ಶಿವಮೊಗ್ಗ

ಉತ್ತರ: ಯಾವುದನ್ನು ಬಿಡಬೇಕೆಂದು ಯೋಚಿಸುತ್ತ ಹೋದರೆ 22 ಪುಟ ಏಳಕ್ಕೆ ಇಳಿಯಬಹುದು, ಆದರೆ ಅದು ಮಾತಾಗುವುದಿಲ್ಲ. ಓದುವವರು ಸಂದೇಹ ಬಂದರೆ ಹಿಂದಿನ ಪುಟ ತಿರುವುತ್ತಾರೆ. ಸಭೆಯಲ್ಲಿ ಕುಳಿತವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಪ್ರಬಂಧವನ್ನು ಒಂದು ದಿನ ಮುಚ್ಚಿಟ್ಟು, ಮಧ್ಯಾಹ್ನದ ಊಟದ ಸಾಲಿನಲ್ಲಿ ಒಬ್ಬರು ಇನ್ನೊಬ್ಬರನ್ನು ‘ಆ ಹುಡುಗಿ ಏನು ಹೇಳಿದಳು?’ ಎಂದು ಕೇಳಿದರೆ ಯಾವ ಉತ್ತರ ಬರಬೇಕೆಂದು ನೀವು ಬಯಸುತ್ತೀರೋ ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ತೂಬು ಎತ್ತುತ್ತಿದ್ದವನು ನೀರುಗಂಟಿಯಾದರೂ ಯಾರ ಗದ್ದೆಗೆ ಮೊದಲು ನೀರು ಎಂಬುದನ್ನು ತೀರ್ಮಾನಿಸುತ್ತಿದ್ದವರು ಬೇರೆಯವರು ಎಂಬುದು ನಿಮ್ಮ ವಾದವಾಗಿದ್ದರೆ, ಮಂಡನೆಯಲ್ಲಿ ಉಳಿಯಬೇಕಾದದ್ದು ಆ ವಾದ ಮತ್ತು ಅದಕ್ಕೆ ಬೇಕಾದ ಆಧಾರ ಮಾತ್ರ. ಹಿಂದಿನ ಅಧ್ಯಯನಗಳ ಸಮೀಕ್ಷೆ, ಸಂಶೋಧನಾ ವಿಧಾನ, ಭೌಗೋಳಿಕ ಹಿನ್ನೆಲೆ ಎಲ್ಲವೂ ಮುದ್ರಿತ ಪ್ರಬಂಧದಲ್ಲಿರಲಿ. ಐದು ಕೆರೆಗಳ ಪೈಕಿ ಒಂದನ್ನು ಆರಿಸಿ, ಒಂದು ಬೇಸಗೆಯಲ್ಲಿ ಅಲ್ಲಿ ನೀರು ಹೇಗೆ ಹಂಚಿಕೆಯಾಯಿತೆಂಬುದನ್ನು ವಿವರವಾಗಿ ಹೇಳಿರಿ. ಉಳಿದ ನಾಲ್ಕೂ ಅದನ್ನೇ ಸಮರ್ಥಿಸುತ್ತವೆಯೋ ಇಲ್ಲವೋ ಎಂಬುದಕ್ಕೆ ಎರಡು ವಾಕ್ಯ ಸಾಕು.

ನಿಮಗೆ ಕೊಟ್ಟಿರುವುದು 15 ನಿಮಿಷವೆಂದರೂ 12 ನಿಮಿಷಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಕ್ಷೇಮ, ಏಕೆಂದರೆ ನಿಮ್ಮ ಪರಿಚಯ, ಮೈಕ್ ಸರಿಪಡಿಸುವುದು, ಹಿಂದಿನವರು ಮೀರಿದ ಸಮಯ ಇವೆಲ್ಲ ನಿಮ್ಮ ಲೆಕ್ಕದಲ್ಲೇ ಕಳೆಯುತ್ತವೆ. ಆಹ್ವಾನ ಪತ್ರಿಕೆಯಲ್ಲಿ ಈಗಾಗಲೇ ಅಚ್ಚಾಗಿರುವ ಹೆಸರುಗಳನ್ನು ವಿಶೇಷಣಸಮೇತ ಮತ್ತೆ ಓದುವ ನಮ್ಮ ವೇದಿಕೆಗಳ ಸಂಪ್ರದಾಯವನ್ನು ನೀವು ಧೈರ್ಯವಾಗಿ ಮೊಟಕುಗೊಳಿಸಬಹುದು. ‘ಅಧ್ಯಕ್ಷರೇ, ಸ್ನೇಹಿತರೇ’ ಎಂದರೆ ಯಾರಿಗೂ ಅಗೌರವವಾಗುವುದಿಲ್ಲ. ‘ಸಮಯದ ಅಭಾವದಿಂದ’ ಎಂದು ಆರಂಭಿಸುವವರು ಇರುವ ಸಮಯದಲ್ಲೇ ಇನ್ನಷ್ಟನ್ನು ಕಳೆಯುತ್ತಾರೆ.

ವಿಜ್ಞಾನಿ ಮೈಕೆಲ್ ಫ್ಯಾರಡೆ ಇಲ್ಲಿ ನೆನಪಾಗುತ್ತಾರೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಆರಂಭಿಸಿದವರು ಅವರೇ. ಅದಕ್ಕೂ ಬಹಳ ಮೊದಲು, 1813ರಲ್ಲಿ, ಅಲ್ಲಿ ಇನ್ನೂ ಸಹಾಯಕರಾಗಿದ್ದಾಗಲೇ, ಉಪನ್ಯಾಸಕರನ್ನೂ ಕೇಳುಗರನ್ನೂ ಗಮನಿಸಿ ತಮಗೆ ತೋಚಿದ್ದನ್ನು ಗೆಳೆಯ ಬೆಂಜಮಿನ್ ಆ್ಯಬಟ್‌ಗೆ ಪತ್ರಗಳಲ್ಲಿ ಬರೆದಿದ್ದರು. ತಾವೇ ಉಪನ್ಯಾಸ ಕೊಡತೊಡಗಿದ ಮೇಲೆ, ತಮ್ಮ ಮಾತು ವೇಗ ಪಡೆದಾಗ ‘ನಿಧಾನ’ ಎಂದು ಬರೆದ ಕಾರ್ಡನ್ನು ತಮ್ಮೆದುರು ಇಡಬೇಕೆಂದು ಸಹಾಯಕ ಆ್ಯಂಡರ್ಸನ್‌ಗೆ ಹೇಳಿಟ್ಟಿದ್ದರು. ಗಂಟೆ ಮುಗಿಯುತ್ತ ಬಂದಾಗ ಎಚ್ಚರಿಸಲು ‘ಸಮಯ’ ಎಂಬ ಇನ್ನೊಂದು ಕಾರ್ಡೂ ಇತ್ತು. ನೀವೂ ಮುಂದಿನ ಸಾಲಿನಲ್ಲಿ ಕೂರುವ ಗೆಳತಿಯೊಬ್ಬರಿಗೆ ಇದೇ ಕೆಲಸ ವಹಿಸಬಹುದು.

ಓದುವುದೋ ಬಾಯಿಪಾಠವೋ ಎಂದರೆ, ಎರಡೂ ಪೂರ್ತಿಯಾಗಿ ಬೇಡ. ಬಾಯಿಪಾಠ ಮಾಡಿದವರು ನಡುವೆ ಒಂದು ಪದ ಮರೆತರೆ ಮುಂದಿನದೂ ಹೊಳೆಯದೆ ನಿಂತುಬಿಡುತ್ತಾರೆ. ಆರಂಭದ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಅಕ್ಷರಶಃ ಬಾಯಲ್ಲಿರಲಿ. ಉಳಿದದ್ದಕ್ಕೆ ದೊಡ್ಡ ಅಕ್ಷರದ ಟಿಪ್ಪಣಿಗಳಿರುವ ಒಂದೇ ಹಾಳೆ ಸಾಕು. ಶಾಸನದ ಸಾಲನ್ನೋ ದಾಖಲೆಯ ಮಾತನ್ನೋ ಉದ್ಧರಿಸುವಾಗ ಮಾತ್ರ ಹಾಳೆಯನ್ನು ಕೈಗೆತ್ತಿಕೊಂಡು ಓದಿರಿ, ಅದು ನಿಮ್ಮ ಮಾತಲ್ಲ ಎಂಬುದು ಸಭೆಗೂ ತಿಳಿಯುತ್ತದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಬರಹದಲ್ಲಿ ಸಲೀಸಾಗಿ ಸಾಗುವ ನಾಲ್ಕು ಸಾಲಿನ ವಾಕ್ಯ ಕಿವಿಗೆ ಭಾರವಾಗುತ್ತದೆ. ‘ನಿರ್ವಹಿಸಲಾಗುತ್ತಿತ್ತು ಎಂಬುದನ್ನು ಗಮನಿಸಬಹುದಾಗಿದೆ’ ಎಂಬುದು ‘ನಿರ್ವಹಿಸುತ್ತಿದ್ದರು’ ಎಂದಾಗಲಿ. ದಾಖಲೆಯಲ್ಲಿ 1,983 ಎಕರೆ ಎಂದಿದ್ದರೆ ಬಾಯಲ್ಲಿ ‘ಸುಮಾರು ಎರಡು ಸಾವಿರ ಎಕರೆ’ ಎನ್ನಿರಿ.

ಅಭ್ಯಾಸವನ್ನು ಕುಳಿತು ಮನಸ್ಸಿನಲ್ಲೇ ಮಾಡಬೇಡಿ. ನಿಂತು, ಗಟ್ಟಿಯಾಗಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಹೇಳಿರಿ. ಸಾಧ್ಯವಾದರೆ ಇತಿಹಾಸ ಓದದ ಒಬ್ಬರ ಎದುರು ಹೇಳಿರಿ. ಸಮಯ ಮೀರಿದರೆ ವೇಗ ಹೆಚ್ಚಿಸದೆ ಒಂದು ಉದಾಹರಣೆಯನ್ನು ತೆಗೆಯಿರಿ. ಅಧ್ಯಕ್ಷರಿಂದ ಚೀಟಿ ಬಂದರೆ ಎಲ್ಲಿಂದ ಎಲ್ಲಿಗೆ ಹಾರಬೇಕೆಂಬುದನ್ನೂ ಹಾಳೆಯಲ್ಲಿ ಮೊದಲೇ ಗುರುತು ಮಾಡಿಕೊಂಡಿರಿ. ಸಂವಾದದಲ್ಲಿ ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರು ಇದ್ದೇ ಇರುತ್ತಾರೆ. ಅವರ ಮಾತಿನಲ್ಲಿ ನಿಮ್ಮ ವಾದಕ್ಕೆ ತಾಗುವ ಭಾಗಕ್ಕಷ್ಟೇ ಉತ್ತರಿಸಿರಿ. ಗೊತ್ತಿಲ್ಲದ್ದನ್ನು ಕೇಳಿದರೆ ‘ಆ ದಾಖಲೆಯನ್ನು ನಾನು ನೋಡಿಲ್ಲ’ ಎನ್ನುವುದು ಸಂಶೋಧಕರಿಗೆ ಅವಮಾನವಲ್ಲ.

ಪ್ರಶ್ನೆ: ಮಂಡನೆಗೆ ಸ್ಲೈಡ್‌ಗಳು ಬೇಕೇ? ಮನೆಯಲ್ಲಿ ಸರಿಯಾಗಿದ್ದ ಕನ್ನಡ ಅಕ್ಷರಗಳು ಸಭಾಂಗಣದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.
ಓದುಗರು, ಧಾರವಾಡ

ಉತ್ತರ: ನಕ್ಷೆ, ಚಿತ್ರ, ಕೋಷ್ಟಕ ಇದ್ದರೆ ಬೇಕು, ನೀವು ಹೇಳುವುದನ್ನೇ ಪರದೆಯ ಮೇಲೆ ಬರೆಯುವುದಾದರೆ ಬೇಡ. ಮುಖ್ಯ ವಿಷಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಡಗಬಾರದು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡ 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತದ ತನಿಖಾ ವರದಿ ಇಂಥದೇ ಒಂದು ಸ್ಲೈಡನ್ನು ಟೀಕಿಸಿತು. ನೌಕೆಗೆ ಬಡಿದ ಫೋಮ್ ತುಣುಕು ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದೆಂಬ ಮಾಹಿತಿ ಆ ಸ್ಲೈಡಿನ ಕೆಳತುದಿಯಲ್ಲಿತ್ತು. ಶೀರ್ಷಿಕೆ ಮಾತ್ರ ಧೈರ್ಯ ತುಂಬುವಂತಿತ್ತು.

ಅಕ್ಷರಗಳು ಕೆಡುವುದಕ್ಕೆ ಸಾಮಾನ್ಯವಾಗಿ ಹಳೆಯ ನುಡಿ, ಬರಹ ಫಾಂಟ್‌ಗಳೇ ಕಾರಣ. ಅವು ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಕಾರಣ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ, ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಯುಐಯಂಥ ಫಾಂಟ್ ಬಳಸಿರಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿ, ಅಕ್ಷರದ ಗಾತ್ರ 28ಕ್ಕಿಂತ ಕೆಳಗೆ ಇಳಿಯದಿರಲಿ. ಕಡತದ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿಯೂ ಇಮೇಲ್‌ನಲ್ಲಿಯೂ ಇಟ್ಟುಕೊಂಡು, ಗೋಷ್ಠಿ ಆರಂಭವಾಗುವ ಮೊದಲೇ ಅಲ್ಲಿನ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿರಿ.