ಅಲರ್ಜಿ ಹೌದೋ ಅಲ್ಲವೋ ಖಾತ್ರಿಯಾಗುವ ತನಕ ಮಗುವಿಗೆ ಏನು ಕೊಡಬೇಕು, ಏನು ಬಿಡಬೇಕು?

ನೀವು ಬರೆದಿರುವುದು ಇಷ್ಟು: ಎರಡೂವರೆ ವರ್ಷದ ಮಗ, ಶೇಂಗಾ ಚಟ್ನಿ ತಿಂದ ಹತ್ತು ನಿಮಿಷಕ್ಕೆ ಬಾಯಿ ಸುತ್ತ, ಕುತ್ತಿಗೆ ಮೇಲೆ ಗಂಧೆ ಎದ್ದು ಒಂದು ಸಲ ವಾಂತಿ. ಲ್ಯಾಬ್ ರಿಪೋರ್ಟಿನಲ್ಲಿ ಶೇಂಗಾ ಜೊತೆಗೆ ಹಾಲು, ಗೋಧಿ, ಬದನೆ, ಮೊಟ್ಟೆ ಎಲ್ಲಕ್ಕೂ ಪಾಸಿಟಿವ್. ಅಲರ್ಜಿ ತಜ್ಞರು ಸಿಗುವುದು ಒಂದೂವರೆ ತಿಂಗಳ ನಂತರ. ಮನೆಯಲ್ಲಿ ಒಬ್ಬರು ಎಲ್ಲ ನಿಲ್ಲಿಸಿ ಅನ್ನುತ್ತಾರೆ, ಇನ್ನೊಬ್ಬರು ಚೂರುಚೂರು ಕೊಟ್ಟು ರೂಢಿ ಮಾಡಿಸಿ ಅನ್ನುತ್ತಾರೆ.

ಇಬ್ಬರ ಮಾತೂ ಬೇಡ. ಶೇಂಗಾ ಪೂರ್ತಿ ನಿಲ್ಲಿಸಿ. ಹಾಲು, ಗೋಧಿ, ಬದನೆ ಈವರೆಗೆ ಆರಾಮಾಗಿ ತಿನ್ನುತ್ತಿದ್ದಾನೆ ಎಂದಿದ್ದೀರಿ, ಅವನ್ನು ಮುಂದುವರಿಸಿ. ಮೊಟ್ಟೆ ಇನ್ನೂ ಕೊಟ್ಟೇ ಇಲ್ಲವಾದ್ದರಿಂದ ವೈದ್ಯರನ್ನು ಕೇಳುವ ತನಕ ಶುರು ಮಾಡಬೇಡಿ.

ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಇಂಥ ಲ್ಯಾಬ್ ರಿಪೋರ್ಟು ಅಳೆಯುವುದು ಇದನ್ನೇ) ಇದೆ ಎಂದರೆ ದೇಹ ಆ ಆಹಾರವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅರ್ಥ. ತಿಂದಾಗ ತೊಂದರೆಯಾಗುತ್ತದೆ ಎಂದಲ್ಲ. ಲಕ್ಷಣಗಳನ್ನೇ ಕೇಳದೆ ಒಟ್ಟಿಗೆ ಮೂವತ್ತು ನಲವತ್ತು ಪದಾರ್ಥ ಪರೀಕ್ಷಿಸುವ ಪ್ಯಾಕೇಜುಗಳು ನನ್ನ ಪ್ರಕಾರ ಉಪಕಾರಕ್ಕಿಂತ ಗೊಂದಲವನ್ನೇ ಹೆಚ್ಚು ಮಾಡುತ್ತವೆ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯಂತೂ ಅಲರ್ಜಿ ಪತ್ತೆಗೆ ಉಪಯೋಗವೇ ಇಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಒಗ್ಗಿದ ಆಹಾರವನ್ನು ಕಾರಣವಿಲ್ಲದೆ ನಿಲ್ಲಿಸುವುದರಲ್ಲಿ ಅಪಾಯವೂ ಇದೆ. ಮುಖ್ಯವಾಗಿ ಇಸುಬು ಇರುವ ಮಕ್ಕಳಲ್ಲಿ, ತಿಂಗಳುಗಟ್ಟಲೆ ಬಿಟ್ಟ ಹಾಲನ್ನೋ ಮೊಟ್ಟೆಯನ್ನೋ ಮತ್ತೆ ಕೊಟ್ಟಾಗ ಮೊದಲು ಇರದಿದ್ದ ಜೋರಾದ ಅಲರ್ಜಿ ಕಾಣಿಸಿಕೊಂಡದ್ದುಂಟು.

ಶೇಂಗಾ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ನಿಮಿಷಗಳಲ್ಲಿ ಚರ್ಮ ಮತ್ತು ಹೊಟ್ಟೆ ಎರಡರಲ್ಲೂ ಲಕ್ಷಣ ಬಂದಿದೆ. ಈ ಸಲ ಸಣ್ಣದಾಗಿತ್ತು ಎಂದ ಮಾತ್ರಕ್ಕೆ ಮುಂದಿನದೂ ಹಾಗೇ ಇರುತ್ತದೆ ಎಂದು ಹೇಳಲಾಗದು. ಹುರಿದರೆ, ಕುದಿಸಿದರೆ ಶೇಂಗಾದ ಅಲರ್ಜಿಕಾರಕ ಗುಣ ಹೋಗುವುದಿಲ್ಲ. ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಚುರುಮುರಿ ಕಣ್ಣಿಗೆ ಬೀಳುತ್ತವೆ. ಬೀಳದೇ ಇರುವುದು ಎಣ್ಣೆಗಾಯಿಯ ಮಸಾಲೆ, ಚಟ್ನಿಪುಡಿ, ಹೋಟೆಲಿನ ಕೊಬ್ಬರಿ ಚಟ್ನಿ, ಸಂಕ್ರಾಂತಿಯ ಎಳ್ಳು-ಬೆಲ್ಲ. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ, ಅದೂ ಬೇಡ. ಮನೆಯಲ್ಲಿ ಉಳಿದವರು ಶೇಂಗಾ ತಿನ್ನುವುದಾದರೆ ಮಗುವಿನ ಅಡುಗೆಗೆ ಬೇರೆ ಮಿಕ್ಸಿ ಜಾರ್ ಇಡಿ. ಬ್ಲೇಡಿನ ಬುಡ ಮತ್ತು ಮುಚ್ಚಳದ ರಬ್ಬರಿನಲ್ಲಿ ಪುಡಿ ಕೂತುಬಿಡುತ್ತದೆ. ಕೈಯನ್ನು ಸೋಪು ನೀರಿನಲ್ಲೇ ತೊಳೆಯಬೇಕು, ಸ್ಯಾನಿಟೈಸರ್ ಹಚ್ಚಿದರೆ ಶೇಂಗಾ ಅಂಶ ಹೋಗುವುದಿಲ್ಲ. ಪ್ಯಾಕೆಟ್ ತಿಂಡಿಗಳಲ್ಲಿ ಶೇಂಗಾ, ಹಾಲು, ಮೊಟ್ಟೆ, ಸೋಯಾ ಮುಂತಾದವನ್ನು ಹೇಳಲೇಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮವಿದೆ. ಬೇಕರಿಯಲ್ಲಿ ತೂಕ ಹಾಕಿ ಕೊಡುವುದರ ಮೇಲೆ ಲೇಬಲ್ ಎಲ್ಲಿಂದ ಬರಬೇಕು?

ತಜ್ಞರಿಗೆ ಒಂದೂವರೆ ತಿಂಗಳು ಕಾಯಿರಿ, ಆದರೆ ನಿಮ್ಮ ಮಕ್ಕಳ ವೈದ್ಯರನ್ನು ಈ ವಾರವೇ ಕಂಡು ತುರ್ತಿಗೆ ಅಡ್ರಿನಲಿನ್ (ಜೋರಾದ ಅಲರ್ಜಿಗೆ ಕೊಡುವ ಚುಚ್ಚುಮದ್ದು) ಇಟ್ಟುಕೊಳ್ಳಬೇಕೇ ಎಂದು ಕೇಳಿ. ಒತ್ತಿದರೆ ಚುಚ್ಚುವ ಪೆನ್ನು ನಮ್ಮಲ್ಲಿ ಸುಲಭಕ್ಕೆ ಸಿಗದು. ಆಂಪ್ಯೂಲ್ (ಔಷಧಿ ತುಂಬಿದ ಸಣ್ಣ ಗಾಜಿನ ಸೀಸೆ) ಮತ್ತು 1 ಮಿ.ಲೀ. ಸಿರಿಂಜ್ ಬರೆದುಕೊಟ್ಟರೆ, ನಿಮ್ಮ ಕೈಯಲ್ಲೇ ಮಾಡಿಸಿ ಕಲಿಸಲು ಹೇಳಿ. ಪ್ರಮಾಣ ಒಂದು ಕಿಲೋ ತೂಕಕ್ಕೆ 0.01 ಮಿ.ಗ್ರಾಂ, ಅಂದರೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲಿನಲ್ಲಿ 12 ಕಿಲೋ ಮಗುವಿಗೆ 0.12 ಮಿ.ಲೀ. ದಶಮಾಂಶ ತಪ್ಪಿದರೆ ಹತ್ತು ಪಟ್ಟು ಹೆಚ್ಚುಕಡಿಮೆಯಾಗುತ್ತದೆ, ಹಾಗಾಗಿ ನಿಮ್ಮ ಮಗುವಿನ ಅಳತೆಯನ್ನು ವೈದ್ಯರಿಂದಲೇ ಬರೆಸಿಕೊಂಡು ಡಬ್ಬಿಯ ಮೇಲೆ ಅಂಟಿಸಿ. ಚುಚ್ಚುವುದು ತೊಡೆಯ ಹೊರಮಗ್ಗುಲಿನ ಮಧ್ಯದ ಸ್ನಾಯುವಿಗೆ.

ಉಬ್ಬಸ, ಧ್ವನಿ ಒಡೆಯುವುದು, ನಾಲಿಗೆ ಊದುವುದು, ಮೇಲಿಂದ ಮೇಲೆ ವಾಂತಿ, ಮಗು ಬಿಳುಚಿ ಜೋಲು ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಅಡ್ರಿನಲಿನ್ ಇದ್ದರೆ ಮೊದಲು ಅದು, ಕೂಡಲೇ 108. ಅಲರ್ಜಿ ಸಿರಪ್ ಗಂಧೆಯ ತುರಿಕೆ ಇಳಿಸುತ್ತದೆ, ಉಸಿರು ಕಟ್ಟುವುದನ್ನು ತಡೆಯುವುದಿಲ್ಲ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಖಂಡಿತ ಬೇಡ. ಆರಾಮಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಲಕ್ಷಣ ಮರುಕಳಿಸಬಹುದು.

ಈ ನಡುವೆ ಏನೇ ಆದರೂ ಫೋಟೋ ತೆಗೆದು ಬರೆದಿಡಿ: ಎಷ್ಟು ಗಂಟೆಗೆ ಏನು ತಿಂದ, ಎಷ್ಟು ತಿಂದ, ಎಷ್ಟು ನಿಮಿಷಕ್ಕೆ ಏನು ಕಾಣಿಸಿತು, ಎಷ್ಟು ಹೊತ್ತಿಗೆ ಹೋಯಿತು, ಆ ದಿನ ಜ್ವರ ಇತ್ತೇ, ಯಾವ ಔಷಧಿ ಕೊಟ್ಟಿದ್ದಿರಿ. ಈ ರೀತಿಯ ಅಲರ್ಜಿ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ನೆಗಡಿ ಜ್ವರದ ಜೊತೆ ಬಂದು ದಿನಗಟ್ಟಲೆ ಅಲ್ಲಿ ಇಲ್ಲಿ ಏಳುವ ಗಂಧೆಗೆ ಬಹುಪಾಲು ವೈರಸ್ ಕಾರಣ. ಕೆಸು, ಸುವರ್ಣಗೆಡ್ಡೆ ತಿಂದು ಬಾಯಿ ತುರಿಸುವುದು ಅವುಗಳಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಐಸ್ ಹಾಕದೆ ಇಟ್ಟ ಬಂಗುಡೆ ತಿಂದು ಮುಖ ಕೆಂಪಾದರೆ ಅದಕ್ಕೆ ಮೀನಿನಲ್ಲಿ ಕೂಡಿಕೊಂಡ, ಅಲರ್ಜಿಯಂಥದೇ ಲಕ್ಷಣ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಕಾರಣವಿರಬಹುದು. ಇವನ್ನೆಲ್ಲ ಅಲರ್ಜಿಯ ಲೆಕ್ಕಕ್ಕೆ ಹಾಕಿದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದ್ದರೆ ಸೆಟಿರಿಜಿನ್‌ನಂಥ ಅಲರ್ಜಿ ಔಷಧಿಯನ್ನು ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಎಷ್ಟೋ ನೆಗಡಿ ಸಿರಪ್‌ಗಳಲ್ಲೂ ಅದೇ ಗುಂಪಿನ ಕ್ಲೋರ್‌ಫೆನಿರಮಿನ್ ಇರುತ್ತದೆ, ಬಾಟಲಿ ಓದಿ. ಆಮೇಲೂ ಸಂಶಯ ಉಳಿದರೆ ಆಸ್ಪತ್ರೆಯಲ್ಲೇ ಶೇಂಗಾವನ್ನು ಅತಿ ಸಣ್ಣ ಪ್ರಮಾಣದಿಂದ ಹಂತಹಂತವಾಗಿ ಹೆಚ್ಚಿಸುತ್ತಾ ತಿನ್ನಿಸಿ, ಕೊನೆಯ ತುತ್ತಿನ ನಂತರವೂ ಒಂದೆರಡು ಗಂಟೆ ಕಾದು ನೋಡುತ್ತಾರೆ. ಖಾತ್ರಿಯ ಉತ್ತರ ಸಿಗುವುದು ಅಲ್ಲೇ, ಅದನ್ನು ಮನೆಯಲ್ಲಿ ಮಾಡಬೇಡಿ. ಏನೂ ಆಗದೆ ಪಾಸಾದರೆ ಹೆದರಿ ಮತ್ತೆ ಶೇಂಗಾ ಬಿಡಿಸಬೇಡಿ, ವಾರಕ್ಕೆ ಎಷ್ಟು ಸಲ ಎಂದು ಅವರನ್ನೇ ಕೇಳಿಕೊಂಡು ಕೊಡುತ್ತಿರಿ. ಇಡೀ ಕಾಳು ಮಾತ್ರ ಐದು ವರ್ಷ ತುಂಬುವ ತನಕ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಪುಡಿ ಮಾಡಿ ಗಂಜಿಗೆ ಕಲಸಿ.