ಫಾಸ್ಟ್ ಗೇಮ್‌ಗಳಲ್ಲಿ ಕೆಲವರ ಕೈ ಅಷ್ಟು ಚುರುಕಾಗಿ ಓಡೋದು ಹೇಗೆ?

ನಿಜ ಹೇಳಬೇಕಂದ್ರೆ, ಅವರ ಕೈ ನಿಮ್ಮ ಕೈಗಿಂತ ಅಷ್ಟೇನೂ ಚುರುಕಲ್ಲ. ಮುಂದೆ ಏನು ಬರುತ್ತದೆ ಅಂತ ಅವರು ಮೊದಲೇ ಊಹಿಸಿರುತ್ತಾರೆ.

ಪರದೆಯ ಮೇಲೆ ಏನೋ ಕಂಡು ಬೆರಳು ಒತ್ತೋಕೆ ಹೆಚ್ಚಿನವರಿಗೆ 0.2ರಿಂದ 0.25 ಸೆಕೆಂಡ್ ಬೇಕು. ಕಣ್ಣಿಂದ ಮಿದುಳಿಗೆ, ಅಲ್ಲಿಂದ ಕೈಗೆ ಸುದ್ದಿ ಮುಟ್ಟೋ ಸಮಯ ಅದು. ಅಭ್ಯಾಸ ಮಾಡಿದರೆ ಸ್ವಲ್ಪ ಇಳಿಯುತ್ತದೆ, ಅರ್ಧಕ್ಕೆಲ್ಲ ಇಳಿಯೋದಿಲ್ಲ. (ಶಬ್ದಕ್ಕಾದರೆ ನಾವು ಇನ್ನೂ ಬೇಗ. ಹೆಡ್‌ಫೋನ್ ಹಾಕಿಕೊಳ್ಳೋದು ಸುಮ್ನೆ ಅಲ್ಲ.)

ಕೊಯ್ಲಿನ ಸಮಯದಲ್ಲಿ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯೋರನ್ನು ನೋಡಿದ್ದೀರಲ್ವಾ? ಮೆಟ್ಟುಗತ್ತಿ ಮುಂದೆ ಕೂತು, ಪಕ್ಕದವರ ಜೊತೆ ಹರಟುತ್ತಲೇ ಸಿಪ್ಪೆ ಹಾರಿಸುತ್ತಾರೆ. ಕಾಯಿಯನ್ನು ಎಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು ಅಂತ ಪ್ರತಿ ಸಲ ಯೋಚಿಸೋದಿಲ್ಲ. ಯೋಚಿಸೋ ಹೊತ್ತು ಉಳಿಯಿತು, ಅಷ್ಟೇ.

ಗೇಮಲ್ಲೂ ಇದೇ ಕಥೆ. 2013ರಲ್ಲಿ ಬಂದ ಫ್ಲಾಪಿ ಬರ್ಡ್ ತಗೊಳ್ಳಿ, ಪರದೆ ತಟ್ಟಿ ತಟ್ಟಿ ಹಕ್ಕಿಯನ್ನು ಪೈಪುಗಳ ಸಂದಿಯಲ್ಲಿ ಹಾರಿಸೋ ಮೊಬೈಲ್ ಗೇಮ್ ಅದು. ಪೈಪುಗಳು ಸಮಾನ ಅಂತರದಲ್ಲೇ ಬರುತ್ತವೆ, ಸಂದಿಯ ಎತ್ತರ ಮಾತ್ರ ಬದಲಾಗುತ್ತದೆ. ಹೊಸಬರು ಹಕ್ಕಿಯನ್ನೇ ದಿಟ್ಟಿಸಿ ಡಿಕ್ಕಿ ಹೊಡೆಸುತ್ತಾರೆ. ಪಳಗಿದವರ ಕಣ್ಣು ಮುಂದಿನ ಪೈಪಿನ ಮೇಲಿರುತ್ತದೆ, ಬೆರಳು ತಾಳ ಹಿಡಿದುಬಿಟ್ಟಿರುತ್ತದೆ.

ಆನ್‌ಲೈನ್ ಆಟದಲ್ಲಿ ಸೋತರೆ ಮಾತ್ರ ಬೆರಳನ್ನು ಬೈಬೇಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಆ 0.2 ಸೆಕೆಂಡನ್ನು ನೆಟ್‌ವರ್ಕೇ ತಿಂದು ಹಾಕಿರುತ್ತದೆ.