‘ನ ಮಮ’ ಎನ್ನಬೇಕಾದವರು ಯಾರು?

ನಮಸ್ಕಾರ. ಗೃಹಪ್ರವೇಶದ ಹೋಮದಲ್ಲಿ ಪುರೋಹಿತರು ಪ್ರತಿ ಆಹುತಿಗೂ ನಿಮ್ಮಿಂದ ‘ಇದಂ ನ ಮಮ’ ಎಂದು ಹೇಳಿಸಿದ್ದೇಕೆ ಎಂದು ಕೇಳಿದ್ದೀರಿ. ‘ಅಗ್ನಯೇ ಸ್ವಾಹಾ’ ಎನ್ನುತ್ತ ಸ್ರುವವೆಂಬ ಮರದ ಸೌಟಿನಿಂದ ತುಪ್ಪ ಜಾರಿ ಜ್ವಾಲೆ ಮೇಲೆದ್ದ ಕ್ಷಣದಲ್ಲಿ ‘ಇದು ಅಗ್ನಿಗೆ, ನನ್ನದಲ್ಲ’ ಎನ್ನಬೇಕಾದವನು ಯಜಮಾನನೇ, ಅಂದರೆ ಹೋಮ ಮಾಡಿಸುವವನೇ. ಏಕೆಂದರೆ ವೇದದ ಕರ್ಮವಿಧಿಗಳನ್ನು ವಿಚಾರ ಮಾಡುವ ಮೀಮಾಂಸಕರ ಪ್ರಕಾರ ದೇವತೆಯನ್ನು ಉದ್ದೇಶಿಸಿ ದ್ರವ್ಯವನ್ನು ತ್ಯಜಿಸುವುದೇ ಯಾಗ, ಮತ್ತು ಬೆಂಕಿಗೆ ಹಾಕುವ ಕೆಲಸವನ್ನು ಋತ್ವಿಜರು, ಅಂದರೆ ಯಾಗ ನಡೆಸಿಕೊಡುವ ಪುರೋಹಿತರು, ಮಾಡಬಹುದಾದರೂ ವಸ್ತುವಿನ ಮೇಲಿನ ಹಕ್ಕನ್ನು ಬಿಡಲು ಅದರ ಒಡೆಯನಿಗೆ ಮಾತ್ರ ಸಾಧ್ಯ. ದಾನ ಕೊಡುವಾಗ ನೀರು ಬಿಟ್ಟು ಹೇಳುವುದೂ ಇದೇ ‘ನ ಮಮ’. ಈಗ ಬಹಳ ಕಡೆ ಹೋಮದಲ್ಲಿ ಪುರೋಹಿತರೇ ‘ಸ್ವಾಹಾ’, ‘ನ ಮಮ’ ಎರಡನ್ನೂ ಹೇಳಿ ಮುಗಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಹೊಸ ಮನೆಯ ಹೊಸ್ತಿಲು ದಾಟಿದ ದಿನ, ‘ನನ್ನದು’ ಎಂಬ ಭಾವ ಅತಿ ಗಟ್ಟಿಯಾಗಿರುವಾಗಲೇ, ಈ ಮಾತನ್ನು ನಿಮ್ಮ ಬಾಯಿಂದಲೇ ಆಡಿಸಿದ ನಿಮ್ಮ ಪುರೋಹಿತರು ಕ್ರಮವನ್ನು ಚೆನ್ನಾಗಿ ಬಲ್ಲವರು.